ಬಾಡಿಗೆಯ ಮನೆ, ಬೇಸಗೆಯ ತಾಪ ಮತ್ತು ಗೃಹಸ್ಥಧರ್ಮ

ಚೈತ್ರ ಮುಗಿದು ವೈಶಾಖ ಕಾಲಿಡುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಪೇಟೆಬೀದಿಗಳು ಮಧ್ಯಾಹ್ನದ ವೇಳೆಗೆ ನಿರ್ಜನವಾಗುತ್ತವೆ. ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅಂಗಡಿಯವರು ಅರ್ಧ ಬಾಗಿಲು ಎಳೆದು ಊಟಕ್ಕೆ ತೆರಳುತ್ತಾರೆ. ದನಕರುಗಳು ಬೇವಿನ ಮರದ ನೆರಳನ್ನು ಬಿಟ್ಟು ಕದಲುವುದಿಲ್ಲ. ಇಂಥ ದಿನಗಳಲ್ಲಿ ಸ್ವಂತ ಮನೆಯುಳ್ಳ ಗೃಹಸ್ಥನು ಪಶ್ಚಿಮದ ಕಿಟಕಿಗೆ ತಟ್ಟಿ ಕಟ್ಟಿಸುತ್ತಾನೆ, ಛಾವಣಿಗೆ ಸುಣ್ಣ ಬಳಿಸುತ್ತಾನೆ, ಅನುಕೂಲವಿದ್ದರೆ ಕೂಲರ್ ತರಿಸುತ್ತಾನೆ. ಬಾಡಿಗೆಯ ಮನೆಯಲ್ಲಿರುವವನಿಗೆ ಈ ಸ್ವಾತಂತ್ರ್ಯವಿಲ್ಲ. ಛಾವಣಿಯೂ ಪರರದು, ಗೋಡೆಯೂ ಪರರದು, ಕಿಟಕಿಯೂ ಪರರದು. ಸೆಕೆ ಮಾತ್ರ ಆತನದು.

ಬಾಡಿಗೆಯ ಕರಾರಿನಲ್ಲಿ ಸಾಮಾನ್ಯವಾಗಿ ಕೆಲವು ನಿಬಂಧನೆಗಳಿರುತ್ತವೆ: ಗೋಡೆಗೆ ಮೊಳೆ ಹೊಡೆಯಬಾರದು, ಕಿಟಕಿಗೆ ಹೊರಗಿನಿಂದ ಏನನ್ನೂ ಕಟ್ಟಬಾರದು, ಕಟ್ಟಡದ ಮುಖ ಕೆಡುವಂತೆ ಯಂತ್ರಗಳನ್ನು ಕೂರಿಸಬಾರದು. ಈ ಭಾಗದ ಊರುಗಳಲ್ಲಿ ಇವನ್ನು ಮನೆಯ ಮಾಲೀಕನೋ ಟ್ರಸ್ಟಿನ ಆಡಳಿತ ಮಂಡಳಿಯೋ ವಿಧಿಸುತ್ತದೆ. ಇಲ್ಲಿಂದ ಬೆಂಗಳೂರು, ಪುಣೆಗಳಿಗೆ ಉದ್ಯೋಗಕ್ಕೆ ಹೋದ ಮಕ್ಕಳು ವಾಸಿಸುವ ಬಹುಮಹಡಿ ಕಟ್ಟಡಗಳಲ್ಲಿ ನಿವೇಶನ ಮಾಲೀಕರ ಸಂಘಗಳು ವಿಧಿಸುತ್ತವೆ. ಪರದೇಶಗಳಲ್ಲಿಯೂ ಇಂಥ ಸಂಘಗಳು ಕಿಟಕಿಯ ಪರದೆಯ ಬಣ್ಣವನ್ನು ಕೂಡ ಗೊತ್ತುಪಡಿಸುವುದುಂಟು. ಮೇಲ್ನೋಟಕ್ಕೆ ಇದು ತಟ್ಟಿ ಮತ್ತು ಮೊಳೆಗಳ ಸಣ್ಣ ವಿಷಯ. ಆದರೆ ಒಬ್ಬನ ಸ್ವತ್ತಿನ ಹಕ್ಕು ಇನ್ನೊಬ್ಬನ ದೇಹದ ಯಾತನೆಯನ್ನು ಎದುರಿಸಿದಾಗ ಯಾವುದು ಎಲ್ಲಿಯವರೆಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಬಾಡಿಗೆಗೆ ಇರುವ ಕುಟುಂಬಗಳಿಗೂ, ಬಾಡಿಗೆಗೆ ಕೊಟ್ಟಿರುವ ಬಸದಿಯ ಟ್ರಸ್ಟುಗಳಿಗೂ ಈ ಪ್ರಶ್ನೆ ಸಮಾನವಾಗಿ ಸಂಬಂಧಿಸಿದೆ.

ಹೀಗೊಂದು ಸಂದರ್ಭವನ್ನು ಭಾವಿಸಬಹುದು. ಬಸದಿಯ ಹಿಂಬದಿಯಲ್ಲಿ ಟ್ರಸ್ಟಿಗೆ ಸೇರಿದ ಒಂದು ಸಾಲು ಮನೆಗಳಿವೆ. ಸಿಮೆಂಟಿನ ಸ್ಲ್ಯಾಬು, ಎರಡೆರಡು ಕೋಣೆ, ಪಶ್ಚಿಮಕ್ಕೆ ತೆರೆದ ಒಂದೊಂದು ಕಿಟಕಿ. ಒಂದರಲ್ಲಿ ಅಡತಿ ಅಂಗಡಿಯ ಗುಮಾಸ್ತನೊಬ್ಬನು ಎಪ್ಪತ್ತು ದಾಟಿದ ತಾಯಿಯೊಡನೆ ವಾಸವಾಗಿದ್ದಾನೆ. ತಾಯಿ ಸೂರ್ಯಾಸ್ತದ ನಂತರ ಹನಿ ನೀರನ್ನೂ ಮುಟ್ಟದ ನಿಯಮದವರು. ಮಗ ಟ್ರಸ್ಟಿನ ಹಿರಿಯರ ಬಳಿ ಹೋಗಿ ಕೇಳುತ್ತಾನೆ: “ಅಣ್ಣಾರ, ಅವ್ವಗ ಮಧ್ಯಾಹ್ನ ಕೋಣ್ಯಾಗ ಕುಂಡ್ರಾಕ ಆಗವಲ್ದು. ಕಿಡಕಿಗೆ ಹೊರಗಿಂದ ಒಂದು ತಟ್ಟಿ ಕಟ್ಟಿಕೊಳ್ಳಲೇನ್ರಿ?” ಹಿರಿಯರು ನಿಷ್ಕರುಣಿಗಳಲ್ಲ. ಆದರೂ ಅವರು ಹೇಳುವುದಿಷ್ಟು: “ಒಬ್ಬಗ ಹೂಂ ಅಂದ್ರ ನಾಳೆ ಎಲ್ಲಾರೂ ಕೇಳ್ತಾರಪಾ. ಇದು ದೇವರ ಆಸ್ತಿ, ನನ್ನ ಸ್ವಂತದ್ದಲ್ಲ. ಹಿಂದಿನವರು ಇದೆಲ್ಲಾ ಇಲ್ಲದನ ಬಾಳೇವು ಮಾಡಿಲ್ಲೇನು?” ಈ ಉತ್ತರದಲ್ಲಿ ಮೂರು ವಾದಗಳಿವೆ. ಮೂರೂ ವಿಚಾರಾರ್ಹವಾದವುಗಳೇ.

ವಾದಗಳನ್ನು ಪರಿಶೀಲಿಸುವ ಮೊದಲು ಮನೆಯೊಳಗಿನ ತಾಪ ಎಷ್ಟು ಗಂಭೀರವಾದುದೆಂಬುದನ್ನು ಅರಿಯಬೇಕು. ಬಿಸಿಲಿನ ಅಪಾಯವೆಂದರೆ ಹೊಲದಲ್ಲಿಯೋ ರಸ್ತೆಯಲ್ಲಿಯೋ ಎದುರಾಗುವುದೆಂಬ ಭಾವನೆ ರೂಢಿಯಲ್ಲಿದೆ. 2021ರ ಜೂನ್ ಕೊನೆಯ ವಾರದಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಬೀಸಿದ ಬಿಸಿಗಾಳಿಯಿಂದ 619 ಜನರು ಮೃತಪಟ್ಟರೆಂದು ಅಲ್ಲಿನ ಸರಕಾರಿ ಮರಣ ವಿಚಾರಣಾಧಿಕಾರಿಗಳು ದಾಖಲಿಸಿದರು. ಅವರಲ್ಲಿ ನೂರಕ್ಕೆ 98 ಜನ ಕಟ್ಟಡಗಳ ಒಳಗೇ ಬಿಸಿಲೇಟಿಗೆ ತುತ್ತಾದವರು. ಬಹುಪಾಲು ವೃದ್ಧರು, ಅರ್ಧಕ್ಕಿಂತ ಹೆಚ್ಚು ಮಂದಿ ಏಕಾಂಗಿಗಳು. ಶೀತದೇಶದ ಮನೆಗಳು ಬಿಸಿಯನ್ನು ಹಿಡಿದಿಡುವಂತೆ ಕಟ್ಟಲ್ಪಟ್ಟಿದ್ದವು. ಹೊರಗಿನ ಗಾಳಿ ಇಳಿದರೂ ಒಳಗಿನ ಕಾವು ಇಳಿಯಲಿಲ್ಲ. ಭಾರತದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಿಂದ ಪಾಠ ಕಲಿತ ಅಹಮದಾಬಾದು ನಗರವು 2013ರಲ್ಲಿ ಉಷ್ಣ ಕ್ರಿಯಾಯೋಜನೆಯನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಯುವ ಕಾರ್ಯವನ್ನೂ ಕೈಗೊಂಡಿತು. 2023ರಲ್ಲಿ ತೆಲಂಗಾಣ ಸರಕಾರವು ತಂಪು ಛಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಆದ್ದರಿಂದ ಮನೆಯೊಳಗಿನ ತಂಪು ಕೇವಲ ಸುಖದ ಮಾತಲ್ಲ, ಜೀವರಕ್ಷಣೆಯ ಮಾತು. ರಾತ್ರಿ ನೀರನ್ನು ತ್ಯಜಿಸಿದ ವೃದ್ಧರಿರುವ ಮನೆಯಲ್ಲಂತೂ ಇದು ಇನ್ನಷ್ಟು ಸತ್ಯ. ಅವರ ನಿಯಮವನ್ನು ಗೌರವಿಸುವುದೆಂದರೆ ಹಗಲಿನಲ್ಲಿ ಅವರು ಸಾಕಷ್ಟು ನೀರು ಕುಡಿಯುವಂತೆ ನೋಡಿಕೊಳ್ಳುವುದು ಮತ್ತು ರಾತ್ರಿ ಅವರ ಕೋಣೆ ಕುಲುಮೆಯಾಗದಂತೆ ನೋಡಿಕೊಳ್ಳುವುದು.

ಹಿಂದಿನವರು ಬಾಳಲಿಲ್ಲವೇ ಎಂಬುದನ್ನು ಮೊದಲು ನೋಡಬೇಕು. ಬಾಳಿದರು ನಿಜ, ಆದರೆ ಎಂಥ ಮನೆಯಲ್ಲಿ? ಜಮಖಂಡಿ, ಮುಧೋಳಗಳ ಹಳೆಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆಗಳಿದ್ದವು. ತೊಲೆ-ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆಯ ಮಾಳಿಗೆಯಿತ್ತು. ಬಿಸಿಗಾಳಿ ಮೇಲೇರಿ ಹೊರಹೋಗಲು ಬೆಳಕಿಂಡಿಯಿತ್ತು. ಅಂಥ ಗೋಡೆ-ಮಾಳಿಗೆಗಳು ಹಗಲಿನ ಕಾವನ್ನು ನಿಧಾನವಾಗಿ ಹೀರುತ್ತಿದ್ದವು. ಅದು ಒಳಗೆ ತಲುಪುವ ವೇಳೆಗೆ ರಾತ್ರಿಯಾಗಿ, ಮನೆಯವರು ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಮಲಗಿರುತ್ತಿದ್ದರು. ರಬಕವಿ-ಬನಹಟ್ಟಿಯ ನೇಕಾರರು ಕುಣಿಮಗ್ಗದಲ್ಲಿ ನೆಲದೊಳಗೆ ಕಾಲಿಳಿಬಿಟ್ಟು ಕೂರುತ್ತಿದ್ದರು. ನೆಲದ ತಂಪು ಮತ್ತು ತೇವ ಅವರ ದೇಹಕ್ಕೂ ಹಿತ, ಹತ್ತಿಯ ನೂಲಿಗೂ ಹಿತ. ತೇವವಿದ್ದರೆ ನೂಲು ಕಡಿಮೆ ಕಡಿಯುತ್ತದೆ. ಗಾಳಿಗೆ ನೂಲು ಒಣಗಬಾರದೆಂದು ಅವರು ಕಿಟಕಿ ಮುಚ್ಚಿಕೊಂಡರೂ ಆ ಮನೆಯಲ್ಲಿ ಬದುಕು ಸಾಧ್ಯವಿತ್ತು. ಇಂದು ಅದೇ ಊರಿನಲ್ಲಿ ವಿದ್ಯುತ್ ಮಗ್ಗಗಳು ತಗಡಿನ ಇಲ್ಲವೇ ತೆಳು ಸ್ಲ್ಯಾಬಿನ ಕೆಳಗೆ ಓಡುತ್ತಿವೆ. ಯಂತ್ರದ ಕಾವು, ಛಾವಣಿಯ ಕಾವು ಎರಡೂ ಒಂದೇ ಕೋಣೆಯಲ್ಲಿ ಸೇರುತ್ತವೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರುಗಳನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರು ಮಣ್ಣಿನ ಮಾಳಿಗೆಯನ್ನೂ ಅಲ್ಲಿಯೇ ಬಿಟ್ಟು ಬಂದರು. ಹಿರಿಯರ ಗೋಡೆಯನ್ನು ಕೊಡದೆ ಹಿರಿಯರ ಸಹನೆಯನ್ನು ಮಾತ್ರ ಕೇಳುವುದು ನ್ಯಾಯವಾಗದು.

ಇದೇ ವಾದಕ್ಕೆ ಧಾರ್ಮಿಕ ರೂಪವೂ ಒಂದುಂಟು. ತಾಪವನ್ನು ಸಹಿಸುವುದೇ ತಪಸ್ಸಲ್ಲವೇ, ತತ್ತ್ವಾರ್ಥಸೂತ್ರವು ಎಣಿಸುವ 22 ಪರೀಷಹಗಳಲ್ಲಿ ಉಷ್ಣವೂ ಒಂದಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಂದು ಹೌದು. ಆದರೆ ಪರೀಷಹವೆಂಬುದು ತಾನಾಗಿ ಮಾರ್ಗವನ್ನು ಆರಿಸಿಕೊಂಡವನು ಸಮಭಾವದಿಂದ ಗೆಲ್ಲತಕ್ಕ ವಿಷಯ. ಮುನಿಯು ಬಿಸಿಲನ್ನು ಸಹಿಸಿದರೆ ಅದು ಆತನ ಆತ್ಮಬಲ. ಅದೇ ಬಿಸಿಲನ್ನು ಒಂದು ನಿಬಂಧನೆಯ ಮೂಲಕ ಇನ್ನೊಬ್ಬರ ವೃದ್ಧ ತಾಯಿಯ ಮೇಲೆ ಹೊರಿಸಿದರೆ ಹೊರಿಸಿದವನಿಗೆ ತಪಸ್ಸಿನ ಫಲ ಬರುವುದಿಲ್ಲ, ಹಿಂಸೆಯ ಪಾಲು ಬರುತ್ತದೆ. ಉಪವಾಸ ಶ್ರೇಷ್ಠವೆಂದು ಪರರ ತಟ್ಟೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಸಹನೆಯನ್ನು ಬೋಧಿಸುವ ಮೊದಲು ಬೋಧಿಸುವವನು ವೈಶಾಖದ ಮಧ್ಯಾಹ್ನ ಮೂರು ಗಂಟೆಗೆ ಆ ಕೋಣೆಯಲ್ಲಿ ಒಂದು ತಾಸು ಕುಳಿತು ಬರುವುದು ಉಚಿತ.

ಹಾಗೆಂದು ಎಲ್ಲ ನಿಬಂಧನೆಗಳೂ ಅನ್ಯಾಯವೆಂದು ಹೇಳಲಾಗದು. ಅವುಗಳಲ್ಲಿ ಮೂರು ಬಗೆಗಳನ್ನು ಕಾಣಬಹುದು. ಮೊದಲನೆಯದು ಪರರಿಗೆ ಹಾನಿಯಾಗದಂತೆ ತಡೆಯುವಂಥದು. ಮುಂಗಾರಿನ ಮೊದಲ ಗಾಳಿಮಳೆಗೆ ಸಡಿಲ ತಗಡು ಹಾರಿ ದಾರಿಹೋಕರ ಮೇಲೆ ಬೀಳಬಹುದು. ಹಳೆಯ ವಿದ್ಯುತ್ ತಂತಿಗೆ ಭಾರಿ ಯಂತ್ರವನ್ನು ಜೋಡಿಸಿದರೆ ಬೆಂಕಿ ಹತ್ತಬಹುದು. ಎರಡನೆಯದು ಸ್ವತ್ತನ್ನು ಕಾಪಾಡುವಂಥದು. ಕೂಲರಿನ ನೀರು ಸೋರಿ ಗೋಡೆ ಹಾಳಾದರೆ, ಕಿಟಕಿಯ ಚೌಕಟ್ಟು ಸಡಿಲವಾದರೆ ನಷ್ಟ ಮಾಲೀಕನಿಗೆ. ಮೂರನೆಯದು ಕೇವಲ ತೋರಿಕೆಯದು: ಹೊರಗಿನಿಂದ ಕಟ್ಟಡ ಚೆನ್ನಾಗಿ ಕಾಣಬೇಕೆಂಬುದು. ಮೊದಲನೆಯ ಬಗೆಯನ್ನು ಯಾವ ಕಷ್ಟದ ನೆಪದಿಂದಲೂ ಮೀರಲಾಗದು. ತನ್ನ ತಂಪಿಗಾಗಿ ಪರರ ಪ್ರಾಣವನ್ನು ಒತ್ತೆಯಿಡುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯ ಬಗೆಯನ್ನು ಠೇವಣಿಯಿಂದಲೋ ದುರಸ್ತಿಯ ಒಪ್ಪಂದದಿಂದಲೋ ಪರಿಹರಿಸಬಹುದು. ಮೂರನೆಯದು ಯಾತನೆಯ ಮುಂದೆ ದಾರಿ ಬಿಡಲೇಬೇಕು. ಅಂದವೂ ಒಂದು ಮೌಲ್ಯವೇ, ಆದರೆ ಜೀವದಯೆಗಿಂತ ಕೆಳಗಿನ ಪಂಕ್ತಿಯದು. 2021ರ ಅದೇ ಬಿಸಿಗಾಳಿಗೆ ಸಿಕ್ಕಿದ ಅಮೆರಿಕೆಯ ಓರೆಗಾನ್ ರಾಜ್ಯವು 2022ರಲ್ಲಿ ಮಾಡಿದ ಕಾನೂನು ಹೆಚ್ಚುಕಡಿಮೆ ಈ ವಿಭಾಗವನ್ನೇ ಒಪ್ಪಿಕೊಂಡಿದೆ. ಬಾಡಿಗೆದಾರನು ತೆಗೆದಿಡಬಹುದಾದ ತಂಪುಯಂತ್ರವನ್ನು ಇಟ್ಟುಕೊಳ್ಳುವುದನ್ನು ಮಾಲೀಕನು ಸುಮ್ಮನೆ ನಿಷೇಧಿಸುವಂತಿಲ್ಲ. ಕಟ್ಟಡಕ್ಕೆ ಧಕ್ಕೆ, ವಿದ್ಯುತ್ತಿನ ಅತಿಭಾರ, ಆಪತ್ಕಾಲದಲ್ಲಿ ಹೊರಬೀಳುವ ಕಿಟಕಿಗೆ ಅಡ್ಡಿ ಮುಂತಾದ ಕಾರಣಗಳಿದ್ದರೆ ಬೇಡವೆನ್ನಬಹುದು.

ನಿಬಂಧನೆಯನ್ನು ಯಾರು ಮಾಡಿದರು ಎಂಬುದೂ ಮುಖ್ಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಪ್ರಕಾರ ಸಂಘವೆಂದರೆ ಒಡೆಯರ ಸಂಘ. ಅದರ ಉಪವಿಧಿಗಳಿಗೆ ಬಾಡಿಗೆದಾರನೂ ಬದ್ಧನೇ. ಆದರೆ ಉಪವಿಧಿಗಳನ್ನು ರಚಿಸುವ ಸಭೆಯಲ್ಲಿ ಆತನಿಗೆ ಸ್ಥಾನವಿಲ್ಲ. ಬಸದಿಯ ಟ್ರಸ್ಟಿನ ಸಭೆಯಲ್ಲಿಯೂ ಅಷ್ಟೇ. ಕೈಯೆತ್ತುವವರು ಒಬ್ಬರು, ಬೆವರುವವರು ಇನ್ನೊಬ್ಬರು. ಸಭೆಯಲ್ಲಿ ಇಲ್ಲದವನ ಪರವಾಗಿ ಯೋಚಿಸುವ ಹೊಣೆ ಇಂಥಲ್ಲಿ ಸಭೆಯಲ್ಲಿರುವವರ ಮೇಲೆಯೇ ಬೀಳುತ್ತದೆ.

ಬಾಡಿಗೆದಾರನಿಗೂ ಧರ್ಮವುಂಟು. ಮೊದಲು ತನ್ನ ಮನೆಯೊಳಗೆ ನೋಡಿಕೊಳ್ಳಬೇಕು. ಎರಡು ಕೋಣೆಯ ಮನೆಯಲ್ಲಿ ಇರುವ ಒಂದೇ ಕಿಟಕಿಗೆ ಅಡ್ಡಲಾಗಿ ಕಪಾಟು, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಮದುವೆಯಲ್ಲಿ ಬಂದ ಪಾತ್ರೆಗಳ ಗಂಟು—ಇಂಥ ದೃಶ್ಯ ಅಪರೂಪವಲ್ಲ. ಪರಿಗ್ರಹವು ಗಾಳಿಯನ್ನೇ ತಡೆದು ನಿಂತಿರುವಾಗ ಮಾಲೀಕನ ನಿಬಂಧನೆಯನ್ನು ದೂರಿ ಫಲವಿಲ್ಲ. ಬಿಸಿಲು ಏರುವ ಮೊದಲೇ ಅಡುಗೆಯನ್ನು ಮುಗಿಸುವುದು, ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವವರೆಗೆ ಕಿಟಕಿಯನ್ನು ಮುಚ್ಚಿ ರಾತ್ರಿ ಪೂರ್ಣವಾಗಿ ತೆರೆಯುವುದು, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನನ್ನು ಆರಿಸುವುದು—ಇವುಗಳಿಗೆ ಯಾರ ಅಪ್ಪಣೆಯೂ ಬೇಡ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸಿ ದೇಹವನ್ನು ಮಾತ್ರ ತಂಪು ಮಾಡುತ್ತದೆ. ದೇಹವೇ ಇಲ್ಲದಲ್ಲಿ ಅದನ್ನು ತಿರುಗಿಸುವುದು ಶಾಸ್ತ್ರಗಳು ಹೇಳುವ ಅನರ್ಥದಂಡವೇ ಸರಿ.

ಎರಡನೆಯದು ಮರೆಮಾಚದಿರುವುದು. ಕಾರ್ಯದರ್ಶಿ ಊರಲ್ಲಿಲ್ಲದ ದಿನ ನೋಡಿ ಮೊಳೆ ಹೊಡೆಯುವುದು, ಪರಿಶೀಲನೆಗೆ ಬಂದಾಗ ತಟ್ಟಿಯನ್ನು ಮಡಚಿ ಮಂಚದಡಿ ಇಡುವುದು ಸಣ್ಣ ಅಸತ್ಯಗಳು. ಆದರೆ ಸಣ್ಣ ಅಸತ್ಯ ಮುಂದಿನ ನ್ಯಾಯವಾದ ಬೇಡಿಕೆಯ ತೂಕವನ್ನೂ ಕಳೆಯುತ್ತದೆ. ಅನ್ಯಾಯದ ನಿಬಂಧನೆಯನ್ನು ಬಹಿರಂಗವಾಗಿ ಪ್ರಶ್ನಿಸಬೇಕು. ಉತ್ತರ ಬರುವವರೆಗೆ ಮನೆಯೊಳಗೆ ಮಾಡಬಹುದಾದುದನ್ನು ಮಾಡಬೇಕು.

ಮೂರನೆಯದು ತನ್ನ ತಾಪವನ್ನು ನೆರೆಯವನ ಖಾತೆಗೆ ಬರೆಯದಿರುವುದು. ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೂವರೆ ಟನ್ನಿನ ಎ.ಸಿ. ಯಂತ್ರವು ಪೂರ್ಣಬಲದಿಂದ ಓಡುವಾಗ ಕೋಣೆಯೊಳಗಿಂದ ಸುಮಾರು 5.3 ಕಿಲೋವ್ಯಾಟ್ ಶಾಖವನ್ನು ತೆಗೆಯುತ್ತದೆ. ಅದಕ್ಕಾಗಿ ಸುಮಾರು 1.5 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಎರಡನ್ನೂ ಕೂಡಿಸಿ ಸುಮಾರು 6.8 ಕಿಲೋವ್ಯಾಟ್ ಶಾಖವನ್ನು ಹೊರಗೆ ಸುರಿಯುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಆ ಯಂತ್ರದ ಮುಖ ಎದುರುಮನೆಯ ಕಿಟಕಿಯತ್ತ ಇದ್ದರೆ ಅಲ್ಲಿ ಏಳು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟಂತೆಯೇ. ತಂಪು ಎಲ್ಲಿಂದಲೂ ಹುಟ್ಟಿಬರಲಿಲ್ಲ, ಬಿಸಿ ಸ್ಥಳ ಬದಲಿಸಿತು, ಜೊತೆಗೆ ಬಡ್ಡಿಯೂ ಸೇರಿತು. ಯಂತ್ರ ಅನಿವಾರ್ಯವಾದ ರೋಗಿಗಳು, ವೃದ್ಧರು ಇರುವಲ್ಲಿ ಅದನ್ನು ದೂಷಿಸಲಾಗದು. ಆದರೆ ಅದರ ಬೆನ್ನು ಯಾರ ಕಡೆಗಿದೆ ಎಂಬುದನ್ನು ನೋಡುವುದು, 2020ರಿಂದ ದೇಶದಲ್ಲಿ ತಯಾರಕರಿಗೆ ಗೊತ್ತುಪಡಿಸಿದ 24 ಡಿಗ್ರಿಯ ಆರಂಭಮಟ್ಟವನ್ನು ವೃಥಾ ಕೆಳಗಿಳಿಸದಿರುವುದು ಕರ್ತವ್ಯ.

ಈ ಭಾಗದ ಒಣ ಹವೆಗೆ ಕೂಲರ್ ಹೆಚ್ಚು ಹೊಂದುತ್ತದೆ, ವಿದ್ಯುತ್ತೂ ಕಡಿಮೆ ಸಾಕು. ಆದರೆ ಒಳಬಂದ ತೇವದ ಗಾಳಿ ಹೊರಹೋಗಲು ಒಂದು ಕಿಟಕಿ ತೆರೆದಿರಲೇಬೇಕು. ಇಲ್ಲವಾದರೆ ಕೋಣೆಯಲ್ಲಿ ಧಗೆ ಹೆಚ್ಚುತ್ತದೆ. ಅದರ ತೊಟ್ಟಿಯ ವಿಷಯದಲ್ಲಿ ಶ್ರಾವಕರು ವಿಶೇಷ ಎಚ್ಚರ ವಹಿಸಬೇಕು. ನಿಂತ ನೀರಿನಲ್ಲಿ ವಾರ-ಹತ್ತು ದಿನಗಳಲ್ಲಿ ಸೊಳ್ಳೆಗಳು ಬೆಳೆಯುತ್ತವೆ. ಮೊದಲು ಅಲಕ್ಷ್ಯದಿಂದ ಅವು ಹುಟ್ಟಲು ಬಿಟ್ಟು, ಅನಂತರ ಔಷಧ ಸಿಂಪಡಿಸಿ ಕೊಲ್ಲುವುದು ಪ್ರಮಾದದಿಂದ ಆದ ಹಿಂಸೆ. ವಾರ ತುಂಬುವ ಮೊದಲೇ ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ ಒಣಗಿಸಿ, ಸೋಸಿದ ನೀರನ್ನು ತುಂಬಿದರೆ ಉತ್ಪತ್ತಿಗೇ ಅವಕಾಶವಿರದು. ನೆರೆಹೊರೆಯ ಮಕ್ಕಳಿಗೆ ಡೆಂಗೆಯ ಭಯವೂ ತಗ್ಗುತ್ತದೆ.

ಈಗ ಟ್ರಸ್ಟಿನ ಹಿರಿಯರ ಇನ್ನೆರಡು ವಾದಗಳು ಉಳಿದವು. ದೇವರ ಆಸ್ತಿ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ವಾದ. ಸ್ವಂತ ಹಣದಲ್ಲಿ ಉದಾರಿಯಾಗುವ ಹಕ್ಕು ಎಲ್ಲರಿಗೂ ಇದೆ. ದೇವದ್ರವ್ಯದಲ್ಲಿ ಉದಾರಿಯಾಗುವ ಹಕ್ಕು ಟ್ರಸ್ಟಿಗೆ ಇಲ್ಲ. ಈ ಭಯ ಒಳ್ಳೆಯ ಭಯ. ಇದಿಲ್ಲದ ಕಡೆ ಆಸ್ತಿಗಳು ಕರಗಿಹೋಗಿವೆ. ಆದರೆ ಇಲ್ಲಿ ಕೇಳಿರುವುದು ದಾನವಲ್ಲ. ಬಾಡಿಗೆಯನ್ನು ಪಡೆಯುವವನು ವಾಸಯೋಗ್ಯವಾದ ಮನೆಯನ್ನು ಕೊಡಬೇಕಾದುದು ವ್ಯವಹಾರಧರ್ಮ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಡುವಾಗ ಕಡಿಮೆ ಅಳೆದು ಕೊಳ್ಳುವಾಗ ಹೆಚ್ಚು ಅಳೆಯುವುದು. ಹನ್ನೆರಡು ತಿಂಗಳ ಬಾಡಿಗೆಯನ್ನು ಎಣಿಸಿಕೊಂಡು, ಮೂರು ತಿಂಗಳು ಹಗಲಿನಲ್ಲಿ ಕೂರಲಾಗದ ಕೋಣೆಯನ್ನು ಕೊಟ್ಟರೆ ಅಳತೆ ಸರಿಯಾಯಿತೇ ಎಂದು ವ್ಯಾಪಾರಿಯಾದವನು ತನ್ನ ಮನಸ್ಸನ್ನೇ ಕೇಳಿಕೊಳ್ಳಬೇಕು. ಇದಲ್ಲದೆ, ಬೇಸಗೆಗೆ ಮೊದಲು ಛಾವಣಿಗೆ ಸುಣ್ಣ ಬಳಿಸುವ ಖರ್ಚು ದೊಡ್ಡದಲ್ಲ. ಬಿಳಿಯ ಮೇಲ್ಮೈ ಬಿಸಿಲಿನ ದೊಡ್ಡ ಭಾಗವನ್ನು ಹಿಂದಿರುಗಿಸುತ್ತದೆ. ಸ್ಲ್ಯಾಬು ಹಗಲೆಲ್ಲ ಕುದಿದು ರಾತ್ರಿ ಕೋಣೆಗೆ ಕಾವು ಸುರಿಯುವುದು ತಗ್ಗುತ್ತದೆ. ಅದನ್ನು ದುರಸ್ತಿಯ ಖಾತೆಗೆ ಬರೆದರೆ ದೇವದ್ರವ್ಯಕ್ಕೆ ಯಾವ ಲೋಪವೂ ಬಾರದು.

ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂಬುದು ಉಳಿದ ವಾದ. ಎಲ್ಲರೂ ಕೇಳಿದರೆ ಎಲ್ಲರಿಗೂ ಅವಶ್ಯವಿದೆ ಎಂದು ಅರ್ಥ. ಅದಕ್ಕೆ ಪರಿಹಾರ ಎಲ್ಲರಿಗೂ ನಿರಾಕರಣೆಯಾಗಬೇಕೆಂದಿಲ್ಲ, ಎಲ್ಲರಿಗೂ ಒಂದೇ ಮಾದರಿಯಾಗಬಹುದು. ಒಂದೇ ಅಳತೆಯ, ಒಂದೇ ಬಣ್ಣದ ಬಿದಿರಿನ ತಟ್ಟಿಯನ್ನು ಟ್ರಸ್ಟೇ ಗೊತ್ತುಪಡಿಸಿ, ಗಾಳಿಗೆ ಹಾರದಂತೆ ಕೊಂಡಿಗಳನ್ನು ತಾನೇ ಹಾಕಿಸಿಕೊಟ್ಟರೆ ಸಾಲುಮನೆಗಳ ಅಂದವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ತಟ್ಟಿ ಹೊರಗೆ ಏಕಿರಬೇಕು, ಒಳಗೆ ಪರದೆ ಸಾಲದೇ ಎಂದರೆ, ಗಾಜನ್ನು ದಾಟಿ ಬಂದ ಬಿಸಿಲು ಪರದೆಗೆ ಬಡಿದರೂ ಅದರ ಕಾವು ಕೋಣೆಯಲ್ಲಿಯೇ ಉಳಿಯುತ್ತದೆ. ಹೊರಗಿನ ನೆರಳು ಬಿಸಿಲನ್ನು ಹೊಸ್ತಿಲಲ್ಲಿಯೇ ತಡೆಯುತ್ತದೆ. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡವನ್ನು ಎಬ್ಬಿಸಬಾರದೆಂದೂ, ತಾನು ಜೋಡಿಸಿದ್ದನ್ನು ಬಾಡಿಗೆದಾರನು ತೆಗೆದುಕೊಂಡು ಹೋಗುವಾಗ ಸ್ವತ್ತನ್ನು ಪಡೆದ ಸ್ಥಿತಿಯಲ್ಲಿ ಬಿಡಬೇಕೆಂದೂ ಹೇಳುತ್ತದೆ. ಬಿಚ್ಚಿ ತೆಗೆಯಬಹುದಾದ ನೆರಳು ಈ ಎರಡೂ ಮಾತಿಗೆ ಹೊಂದುತ್ತದೆ. ಕರಾರಿನಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಂದೆ ವಿವಾದಕ್ಕೆ ಎಡೆಯಿರದು. ನಗರದ ಸಂಘಗಳಲ್ಲಿ ಒಡೆಯರಾಗಿರುವ ಸಮಾಜಬಾಂಧವರೂ ವರ್ಷಕ್ಕೊಮ್ಮೆ, ಮಾಘಮಾಸದಲ್ಲಿಯೇ, ಬಾಡಿಗೆದಾರರನ್ನು ಕರೆದು ಅವರ ಮಾತನ್ನು ಕೇಳಿ ಅನಂತರ ಕಿಟಕಿಯ ಉಪವಿಧಿಗಳನ್ನು ನಿರ್ಣಯಿಸುವ ಪದ್ಧತಿಯನ್ನು ಆರಂಭಿಸಬಹುದು.

ತೇರದಾಳದ ನೇಮಿನಾಥ ಬಸದಿಯಂಥ 12ನೆಯ ಶತಮಾನದ ಶಿಲಾಮಂದಿರಗಳನ್ನು ಬೇಸಗೆಯ ನಡುಹಗಲಿನಲ್ಲಿ ಪ್ರವೇಶಿಸಿದವರಿಗೆ ಒಳಗಿನ ತಂಪಿನ ಅನುಭವವಿದೆ. ದಪ್ಪ ಕಲ್ಲು, ಕಿರಿದಾದ ತೆರಪುಗಳು, ಆಳವಾದ ನೆರಳು. ಕಟ್ಟಿದವರು ಬರುವವರ ದೇಹವನ್ನೂ ನೆನೆದು ಕಟ್ಟಿದಂತಿದೆ. ಭಗವಂತನಿಗೆ ಸೆಕೆಯೂ ಇಲ್ಲ, ಶೀತವೂ ಇಲ್ಲ. ಆ ತಂಪಿನ ಫಲ ದೊರೆಯುವುದು ದರ್ಶನಕ್ಕೆ ಬಂದವರಿಗೇ. ಅದೇ ಬಸದಿಯ ಹೆಸರಿನಲ್ಲಿ ಬಾಡಿಗೆಯನ್ನು ಪಡೆಯುವ ಸಾಲುಮನೆಗಳಲ್ಲಿಯೂ ಆ ನೆನಪು ಉಳಿಯಬೇಕಾಗಿದೆ. ಬರುವ ಬೇಸಗೆಗೆ ಮೊದಲು ಪ್ರತಿಯೊಂದು ಟ್ರಸ್ಟಿನ ಸಭೆಯು ತನ್ನ ಮನೆಗಳ ಯಾದಿಯನ್ನು ಮುಂದಿಟ್ಟುಕೊಂಡು ಯಾವ ಕಿಟಕಿ ಪಶ್ಚಿಮಕ್ಕಿದೆ, ಯಾವ ಛಾವಣಿಗೆ ಸುಣ್ಣವಿಲ್ಲ, ಯಾವ ಮನೆಯಲ್ಲಿ ವೃದ್ಧರಿದ್ದಾರೆ ಎಂದು ವಿಚಾರಿಸಲಿ. ಬಾಡಿಗೆದಾರರು ತಮ್ಮ ಕಿಟಕಿಯ ಮುಂದಿನ ಕಪಾಟನ್ನು ಪಕ್ಕಕ್ಕೆ ಸರಿಸಿ, ತಮ್ಮ ಕೋರಿಕೆಯನ್ನು ಮುಚ್ಚುಮರೆಯಿಲ್ಲದೆ ಸಭೆಯ ಮುಂದಿಡಲಿ. ಗುಮಾಸ್ತನ ತಾಯಿಗೆ ಬೇಕಾದುದು ಒಂದು ತಟ್ಟಿ. ಅದನ್ನು ಕಟ್ಟಲು ಎರಡು ಕೊಂಡಿ ಮತ್ತು ಒಂದು ಒಪ್ಪಿಗೆ ಸಾಕು.